ಕೆಸರಲ್ಲಿ ಬೆಂಕಿ ಹುಡುಕಿದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯ ಎದುರು ನಿಂತು ಕಾರಿನ ಡಿಕ್ಕಿಗೆ ಅಕ್ಕಿ ಚೀಲ ಹಾಕುತ್ತಿದ್ದೆ. ಮೆಸೇಜು ಕಳಿಸಿದವಳು ಅವರ ಮಗಳು ಸನಾ. ಅಮ್ಮಿ ಬೆಳಿಗ್ಗೆ ಹೋದರು, ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು, ಬರಲಾದರೆ ಬನ್ನಿ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿದ್ದಳು. ನನಗೆ ಅಳು ಬರಲಿಲ್ಲ. ಆಸ್ಪತ್ರೆಗೆ ಓಡಾಡಿದ ತಿಂಗಳುಗಳಲ್ಲೇ ಅಳುವ ಶಕ್ತಿ ಮುಗಿದುಹೋಗಿತ್ತೋ ಏನೋ. ಡಿಕ್ಕಿ ಮುಚ್ಚಿ ಬಂದು ಸ್ಟಿಯರಿಂಗ್ ಹಿಡಿದೆ. ಅವರನ್ನು ನಾನು ಮೊದಲು ಕಂಡಿದ್ದೂ ಇದೇ ಅಂಗಡಿಯಲ್ಲಿ ಎಂಬುದು ಆಮೇಲೆ ನೆನಪಾಯಿತು.

ಆಗ ನನ್ನ ಕೆಲಸ ಹೋಗಿ ಕೆಲವು ವಾರಗಳಾಗಿದ್ದವು. ಇಲ್ಲಿಯ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ಬೆಸುಗೆ ಸರಿಯಾಗಿದೆಯೇ ನೋಡುವುದು ನನ್ನ ಕೆಲಸವಾಗಿತ್ತು. ಆ ವಿಭಾಗವನ್ನೇ ಬೇರೆ ದೇಶಕ್ಕೆ ಸಾಗಿಸಿದರು. ಅಂಗಡಿಯ ಬೇಳೆಕಾಳಿನ ಸಾಲಿನಲ್ಲಿ ನಿಂತು ಮೈಸೂರಿನಲ್ಲಿರುವ ತಂಗಿಯ ಜೊತೆ ಫೋನಿನಲ್ಲಿ, "ಮೈಕ್ರೋಸ್ಕೋಪು ನೋಡಿ ನೋಡಿ ಕಣ್ಣು ಹೋಯ್ತು, ಈಗ ಕೆಲಸಾನೂ ಹೋಯ್ತು" ಅನ್ನುತ್ತಿದ್ದೆ. ಫೋನು ಇಟ್ಟ ಮೇಲೆ ಯಾರೋ ಭುಜ ತಟ್ಟಿದರು. ತಿರುಗಿದರೆ ಕುಳ್ಳಗಿನ ಒಬ್ಬರು ಹೆಂಗಸು, ತಲೆಯ ಮೇಲೆ ಬೂದುಬಣ್ಣದ ದುಪಟ್ಟಾ, ಕಾಲಲ್ಲಿ ಬೆಟ್ಟ ಹತ್ತುವವರ ದಪ್ಪ ಬೂಟು.

"ನಿಮಗ ಮೈಕ್ರೋಸ್ಕೋಪ್ ನೋಡಾಕ ಬರ್ತದೇನು?" ಎಂದು ಕೇಳಿದರು.

"ಇಷ್ಟು ವರ್ಷ ಅದನ್ನೇ ಮಾಡ್ಕೊಂಡಿದ್ದೆ" ಅಂದೆ.

"ಕೆಸರು ಅಂದ್ರ ಹೇಸಿಗಿ ಇಲ್ಲಲ್ಲ?"

"ಎಂಥ ಕೆಸರು?"

"ಹಳೇ ಕೆಸರು. ಭಾಳ ಹಳೇದು."

ಹೀಗೆ ನಾನು ಒಂದು ಯೂನಿವರ್ಸಿಟಿಯ ನೆಲಮಾಳಿಗೆಯಲ್ಲಿದ್ದ ಅವರ ಲ್ಯಾಬಿಗೆ ಸೇರಿದೆ. ಮೇಡಂ ಎಂದು ಕರೆದಾಗ, "ಮೇಡಂ ಗೀಡಂ ಬ್ಯಾಡ. ಮನ್ಯಾಗ ಎಲ್ಲಾರೂ ಆಪಾ ಅಂತಾರ. ನೀ ಅಕ್ಕಾ ಅನ್ನು, ಎರಡೂ ಒಂದೆ" ಅಂದರು. ಕೊನೆಯವರೆಗೂ ಅಕ್ಕಾ ಎಂದೇ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ವರ್ಷ ಕಾಡಿಗೆ ಬೆಂಕಿ ಬೀಳುವ ಕಾಲ ಬಂದಾಗ ಟೀವಿಯಲ್ಲಿ ಅವರ ಮುಖದ ಕೆಳಗೆ ಆ ಹೆಸರು ತಪ್ಪುತಪ್ಪಾಗಿ ಹರಿಯುತ್ತಿತ್ತು. ಅದನ್ನು ನೋಡಿ ನೋಡಿ ಅವರಿಗೇ ಸಾಕಾಗಿತ್ತು.

ಅವರ ಕೆಲಸವನ್ನು ನಮ್ಮವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ "ಎಲ್ಲಿ ಕೆಲಸ" ಎಂದು ನನ್ನನ್ನು ಕೇಳಿದರೆ, "ಕೆರೆಯ ಕೆಸರಲ್ಲಿ ಇದ್ದಿಲು ಹುಡುಕ್ತೀವಿ" ಅನ್ನುತ್ತಿದ್ದೆ. ಕೇಳಿದವರು ನಕ್ಕು ಪಲ್ಯ ಬಡಿಸಿಕೊಳ್ಳಲು ಹೋಗುತ್ತಿದ್ದರು. ಆದರೆ ವಿಷಯ ಅಷ್ಟೇ. ಕಾಡಿಗೆ ಬೆಂಕಿ ಬಿದ್ದಾಗ ಇದ್ದಿಲಿನ ಚೂರುಗಳು ಗಾಳಿಯಲ್ಲಿ ಹಾರಿ, ಮಳೆನೀರಲ್ಲಿ ಹರಿದು ಹತ್ತಿರದ ಕೆರೆಯ ತಳ ಸೇರುತ್ತವೆ. ಅದರ ಮೇಲೆ ಮುಂದಿನ ವರ್ಷದ ಕೆಸರು ಕೂರುತ್ತದೆ. ಹೀಗೆ ಸಾವಿರಾರು ವರ್ಷ. ಅಕ್ಕ ತೆಪ್ಪದ ಮೇಲೆ ನಿಂತು ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಆ ಕೆಸರನ್ನು ಪದರು ಕಲಸದಂತೆ ಎತ್ತಿಸುತ್ತಿದ್ದರು. ಕೊಳವೆಯನ್ನು ಉದ್ದುದ್ದ ಸೀಳಿ ಅರ್ಧ ಭಾಗವನ್ನು ಮುಟ್ಟದೆ ಕೋಲ್ಡ್ ರೂಮಿನಲ್ಲಿ ಇಡುವುದು, ಇನ್ನರ್ಧವನ್ನು ತೆಳ್ಳಗೆ ಕೊಯ್ದು, ತೊಳೆದು, ಜರಡಿ ಹಿಡಿದು, ಉಳಿದದ್ದನ್ನು ಮೈಕ್ರೋಸ್ಕೋಪಿನಡಿ ಹರಡಿ ಕರಿಚೂರುಗಳನ್ನು ಎಣಿಸುವುದು. ಕಪ್ಪಗಿದ್ದದ್ದೆಲ್ಲ ಇದ್ದಿಲಲ್ಲ. ಸೂಜಿಯಿಂದ ಒತ್ತಿದರೆ ಇದ್ದಿಲು ಪುಡಿಯಾಗುತ್ತದೆ, ಕಲ್ಲಿನ ಕಣ ಜಾರುತ್ತದೆ. ನನಗೆ ಇದನ್ನು ಕಲಿಸಿದ ದಿನ ಅಕ್ಕ ಸೂಜಿ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಸಜ್ಜೆಯ ಖಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದರು. ಲ್ಯಾಬಿನಲ್ಲಿ ತಿನ್ನಬಾರದೆಂಬ ಬೋರ್ಡು ಅವರ ತಲೆಯ ಮೇಲೇ ಇತ್ತು. ಹಾಕಿಸಿದವರೂ ಅವರೇ.

ಒಮ್ಮೆ ನಾನು, "ಮನುಷ್ಯರು ಇಲ್ಲದಿದ್ದಾಗ ಕಾಡಿಗೆ ಬೆಂಕಿ ಬೀಳ್ತಿರಲಿಲ್ವಾ ಅಕ್ಕಾ?" ಎಂದು ಕೇಳಿದೆ.

"ಬೀಳತಿತ್ತು. ಸಿಡಿಲ ಇತ್ತಲ್ಲ. ಒಲಿಗೆ ಮೂರು ಗುಂಡುಕಲ್ಲು ಬೇಕು ನೋಡ. ಒಂದು ಹವಾ, ಒಂದು ಗಿಡಾ ಹುಲ್ಲು, ಒಂದು ಮಂದಿ. ಒಂದೊಂದು ಕಾಲದಾಗ ಒಂದೊಂದು ಗುಂಡು ದೊಡ್ಡದಿರ್ತದ. ಯಾವ ಗುಂಡಿನ ಮ್ಯಾಲ ಗಡಿಗಿ ನಿಂತದ ಅಂತ ಕೇಳಿದ್ರ ಏನ ಹೇಳೂದು?"

ಟೀವಿಯವರು ಪ್ರತಿ ವರ್ಷ ಕೇಳುತ್ತಿದ್ದದ್ದು ಅದನ್ನೇ. ಬೇಸಿಗೆ ಮುಗಿಯುವ ಹೊತ್ತಿಗೆ ಎಲ್ಲೋ ಒಂದು ಕಣಿವೆ ಹೊತ್ತಿಕೊಳ್ಳುತ್ತಿತ್ತು. ನಾವಿರುವ ಬೇ ಏರಿಯಾದ ಮೇಲೆಲ್ಲ ಹೊಗೆ ಕವಿದು ಹಗಲಲ್ಲೇ ಕಾರಿನ ಲೈಟು ಹಾಕಬೇಕಾಗುತ್ತಿತ್ತು. ಫೋನು ಶುರುವಾಗುತ್ತಿತ್ತು. ಹವಾಮಾನ ಬದಲಾಗಿದ್ದರಿಂದಲೋ, ಮನುಷ್ಯರ ತಪ್ಪಿನಿಂದಲೋ, ಒಂದೇ ವಾಕ್ಯದಲ್ಲಿ ಹೇಳಿ. ಅಕ್ಕ ಮೊದಮೊದಲು ಕೂತು ವಿವರಿಸುತ್ತಿದ್ದರಂತೆ. ಬರಗಾಲದಲ್ಲಿ ಬೆಂಕಿ ಹೆಚ್ಚು ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಹುಲ್ಲುಗಾವಲಿನಲ್ಲಿ ಮೊದಲು ಚೆನ್ನಾಗಿ ಮಳೆಯಾಗಿ ಹುಲ್ಲು ಬೆಳೆಯಬೇಕು, ಆಮೇಲೆ ಒಣಗಬೇಕು. ಸಮುದ್ರದ ಮಂಜು ಬೀಳುವ ರೆಡ್‌ವುಡ್ ಕಾಡಿನ ಲೆಕ್ಕ ಬೇರೆ, ಒಳನಾಡಿನ ಓಕ್ ಮರಗಳ ಬೆಟ್ಟದ ಲೆಕ್ಕ ಬೇರೆ ಎಂದೆಲ್ಲ. ಟೀವಿಯಲ್ಲಿ ಬರುತ್ತಿದ್ದದ್ದು ಕೊನೆಯ ಅರ್ಧ ವಾಕ್ಯ. ನಾನು ಸೇರುವ ಹೊತ್ತಿಗೆ ಅವರು ಫೋನು ಎತ್ತಿ, "ಎರಡೂ" ಎಂದು ಹೇಳಿ ಇಟ್ಟುಬಿಡುತ್ತಿದ್ದರು.

ವಿಜಾಪುರದಲ್ಲಿ ಹುಟ್ಟಿದ ಅಕ್ಕ ಕಾಡಿನ ಬೆಂಕಿಯ ಹಿಂದೆ ಹೇಗೆ ಬಿದ್ದರು ಎಂದು ನನಗೆ ಕುತೂಹಲವಿತ್ತು. "ನಮ್ಮೂರಾಗ ಸುಡಾಕ ಏನಿತ್ತು, ಬಿಸಲೊಂದ ಇತ್ತು" ಎಂದು ನಗುತ್ತಿದ್ದರು. ರಸಾಯನಶಾಸ್ತ್ರ ಓದಲು ಬಂದವರು, ಗಂಡ ಬೇಗ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸಕ್ಕೆ ಸೇರಿದರು, ಸಿಕ್ಕಿದ್ದು ಕೆಸರಿನ ಕೆಲಸ. ಅಷ್ಟೇ ಕಥೆ. ಮಗಳನ್ನು ಮಗುವಿದ್ದಾಗ ತೆಪ್ಪದಲ್ಲಿ ಲೈಫ್ ಜಾಕೆಟ್ ತೊಡಿಸಿ ಕೂರಿಸಿಕೊಂಡು ಕೆರೆ ಕೆರೆ ತಿರುಗಿದ್ದರು. ಸನಾಗೆ ಕನ್ನಡ ಅರ್ಥವಾಗುತ್ತಿತ್ತು, ಉರ್ದು ಸ್ವಲ್ಪ ಮಾತಾಡುತ್ತಿದ್ದಳು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಲಾಸ್ ಗ್ಯಾಟೋಸಿನಲ್ಲಿ ಕೆಲಸ ಸಿಕ್ಕಿದಾಗ ಅವಳೂ ಗಂಡನೂ ಅಲ್ಲೇ ಊರ ಮೇಲಿನ ಗುಡ್ಡದಲ್ಲಿ ಮನೆ ನೋಡಿದರು. ಮನೆಯ ಹಿಂದೆ ಓಕ್ ಮರಗಳ ಇಳಿಜಾರು. ಅದರಾಚೆ ಭೂಕಂಪದ ಬಿರುಕಿನಲ್ಲಿ ನೀರು ನಿಂತು ಆದ ಒಂದು ಸಣ್ಣ ಹೊಂಡ. ಆ ಹೊಂಡದ ಕೆಸರನ್ನು ಅಕ್ಕ ಸಣ್ಣ ವಯಸ್ಸಿನಲ್ಲೇ ತೆಗೆದು ನೋಡಿದ್ದರು. ಅದರ ಮೇಲೆ ಬರೆದ ಲೇಖನದಿಂದಲೇ ಅವರಿಗೆ ಹೆಸರು ಬಂದಿತ್ತು. ಆ ಕೆಸರಿನಲ್ಲಿ ಇದ್ದಿಲು ಬಲು ಕಡಿಮೆ, ಆ ಬೆಟ್ಟದ ಮಗ್ಗುಲಲ್ಲಿ ಪ್ರಾಚೀನ ಕಾಲದಲ್ಲಿ ಬೆಂಕಿ ಅಪರೂಪ, ಅಲ್ಲಿದ್ದ ಜನ ಸುಡುತ್ತಿದ್ದರು ಎನ್ನುವುದಕ್ಕೆ ಗುರುತಿಲ್ಲ ಎಂದು ಅದರಲ್ಲಿತ್ತು. ಮನೆ ಕೊಳ್ಳುವ ಮೊದಲು ಸನಾ, ಅಲ್ಲಿ ಬೆಂಕಿಯ ಭಯವಿದೆಯೇ ಎಂದು ತಾಯಿಯನ್ನು ಕೇಳಿದಳು. "ತಗೋ. ಬ್ಯಾರೆ ಗುಡ್ಡಕ್ಕಿಂತ ಇದು ಚಲೋ" ಎಂದು ಅಕ್ಕ ಹೇಳಿದರು.

ನಾನು ಸೇರಿದ ಎರಡನೆಯ ವರ್ಷ ಅಕ್ಕನ ಜೊತೆ ಒಂದು ಸಾರ್ವಜನಿಕ ಮೀಟಿಂಗಿಗೆ ಹೋಗಿದ್ದೆ. ಆ ಬೆಟ್ಟವನ್ನು ನೋಡಿಕೊಳ್ಳುವ ಮಂಡಳಿಯ ಮೀಟಿಂಗು. ಆ ಬೆಟ್ಟಗಳ ಮೂಲನಿವಾಸಿಗಳ ಪೈಕಿ ಲೋರೆನ್ ಎಂಬ ಹೆಂಗಸು ಅಲ್ಲಿಗೆ ಅರ್ಜಿ ಹಿಡಿದು ಬಂದಿದ್ದಳು. ಬೆಳ್ಳಿ ಕೂದಲಿನ ಉದ್ದ ಜಡೆ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ಅಲ್ಲಿಯ ಬ್ಯಾಡ್ಜು ಇನ್ನೂ ಅಂಗಿಯ ಮೇಲಿತ್ತು. ಮಳೆ ಶುರುವಾಗುವ ಕಾಲದಲ್ಲಿ ಓಕ್ ಮರಗಳ ಬುಡದ ಹುಲ್ಲನ್ನು ಹದವಾಗಿ ಸುಡಲು ತಮ್ಮವರಿಗೆ ಅನುಮತಿ ಕೊಡಿ ಎಂಬುದು ಅವಳ ಕೋರಿಕೆ. ಹಿಂದೆ ತಮ್ಮ ಹಿರಿಯರು ಹಾಗೇ ಮಾಡುತ್ತಿದ್ದರು, ಅದರಿಂದ ತಿನ್ನುವ ಓಕ್ ಕಾಯಿಯ ಹುಳ ಸಾಯುತ್ತಿತ್ತು, ಬುಟ್ಟಿ ಹೆಣೆಯಲು ನೇರವಾದ ಚಿಗುರು ಬರುತ್ತಿತ್ತು, ಪೊದೆ ಬೆಳೆದು ದೊಡ್ಡ ಬೆಂಕಿಗೆ ದಾರಿಯಾಗುತ್ತಿರಲಿಲ್ಲ ಎಂದಳು. ಮಂಡಳಿಯ ಅಧಿಕಾರಿ ಸೌಜನ್ಯದಿಂದಲೇ ಅಕ್ಕನ ಲೇಖನದ ಸಾಲುಗಳನ್ನು ಓದಿದ. ವಿಜ್ಞಾನ ಹಾಗೆ ಹೇಳುವುದಿಲ್ಲ ಎಂದ. ಲೋರೆನ್ ವಾದಿಸಲಿಲ್ಲ. "ನಮ್ಮಜ್ಜಿಯರು ಸುಡುತ್ತಿದ್ದರು. ನನಗೆ ಗೊತ್ತಿರೋದು ಅಷ್ಟೆ" ಎಂದು ಹೇಳಿ ಕೂತಳು. ಇದು ಅವಳು ಬಂದ ಮೊದಲ ಸಲವಲ್ಲ ಎಂದು ಪಕ್ಕದವರು ಪಿಸುಗುಟ್ಟಿದರು.

ವಾಪಸು ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತುಬಿಟ್ಟಿತ್ತು. ಅಕ್ಕ ಕಿಟಕಿಯಾಚೆ ನೋಡುತ್ತಾ, "ಪಾಪ, ಹೇಳತಾಳ. ಆದ್ರ ಕೆಸರು ಹಂಗ ಹೇಳೂದಿಲ್ಲ ತಂಗಿ" ಅಂದರು. ಅವರ ದನಿಯಲ್ಲಿ ಗರ್ವವಿರಲಿಲ್ಲ. ನಂಬಿದ್ದರು, ಅಷ್ಟೆ.

ಆಮೇಲೆ ವರ್ಷಗಳು ಒಂದರ ಹಿಂದೊಂದು ಹೋದವು. ಹೊಗೆಯ ವರ್ಷ, ಮಳೆಯ ವರ್ಷ, ಮತ್ತೆ ಹೊಗೆಯ ವರ್ಷ. ಸನಾಳ ಬೀದಿಯಲ್ಲಿ ಬೆಂಕಿಯ ಭಯಕ್ಕೆ ಒಬ್ಬೊಬ್ಬರದೇ ಮನೆಯ ಇನ್ಶೂರೆನ್ಸು ರದ್ದಾಗತೊಡಗಿತು. ಸನಾಳದ್ದು ಉಳಿದಿತ್ತು. ಅಕ್ಕನ ಕೈ ನಡುಗಲು ಶುರುವಾಯಿತು, ಸೂಜಿ ಹಿಡಿಯುವುದು ಬಿಟ್ಟರು. ಸುಸ್ತು ಎಂದು ಮೊದಲ ಸಲ ಅವರು ಹೇಳಿದ್ದು ಆಗ. "ದಣದೀನಿ ತಂಗಿ. ಪ್ರತಿ ವರ್ಷ ಅದ ಹೊಗಿ, ಅದ ಫೋನು, ಅದ ಮಾತು. ಈ ವರ್ಷ ರಿಟೈರ್ ಆಗಿಬಿಡ್ತೀನಿ."

ರಿಟೈರ್ ಆಗುವವರು ಕೋಲ್ಡ್ ರೂಮು ಖಾಲಿ ಮಾಡಿಕೊಡಬೇಕಿತ್ತು. ಗೋಡೆಯುದ್ದಕ್ಕೂ ಪೇರಿಸಿದ್ದ ಹಳೆಯ ಕೊಳವೆಗಳನ್ನು ಒಂದೊಂದಾಗಿ ಎಳೆದು, ಬೇರೆ ಲ್ಯಾಬಿಗೆ ಕೊಡುವುದು ಯಾವುದು, ಎಸೆಯುವುದು ಯಾವುದು ಎಂದು ವಿಂಗಡಿಸುತ್ತಾ ಹೋದೆವು. ಚಳಿಗೆ ಇಬ್ಬರೂ ಶಾಲು ಹೊದ್ದಿದ್ದೆವು. ಕೊನೆಯಲ್ಲಿ ಆ ಗುಡ್ಡದ ಹೊಂಡದ ಕೊಳವೆ ಬಂತು, ಮುಟ್ಟದೆ ಇಟ್ಟಿದ್ದ ಅರ್ಧ. ಅಕ್ಕ ಅದನ್ನು ಮಗುವಿನ ಬೆನ್ನು ಸವರಿದಂತೆ ಸವರಿ, "ಎಸಿಯೂ ಮೊದಲ ಒಂದ ಸಲ ನೋಡೋಣ ಬಾ. ಇದು ನನ್ನ ಹೊಟ್ಟಿ ತುಂಬಿಸೇದ" ಅಂದರು. ಕೆಲಸಕ್ಕಾಗಿ ಅಲ್ಲ, ಬೀಳ್ಕೊಡುಗೆಗೆ. ಅಕ್ಕನ ಕಾಲದ ದಪ್ಪ ಕಣ್ಣಿನ ಜರಡಿ ಎಂದೋ ಹಾಳಾಗಿತ್ತು. ನಾವು ಈಗ ಬಳಸುತ್ತಿದ್ದದ್ದು ಬಹಳ ಸಣ್ಣ ಕಣ್ಣಿನದು. ಅದರಲ್ಲೇ ತೊಳೆದೆ.

ಮೈಕ್ರೋಸ್ಕೋಪಿನಡಿ ಇಟ್ಟಾಗ ಕರಿಚೂರುಗಳು ಕಂಡವು. ಕಡಿಮೆ ಅಲ್ಲ. ಮರದ ಇದ್ದಿಲಿನಂತೆ ದಪ್ಪ ತುಣುಕಲ್ಲ, ರೆಪ್ಪೆಗೂದಲ ಹಾಗೆ ಉದ್ದನೆಯ ಸಪೂರ ಎಳೆಗಳು. ಒತ್ತಿದೆ, ಪುಡಿಯಾದವು. "ಅಕ್ಕಾ, ಇಲ್ಲಿ ಬನ್ನಿ ಸ್ವಲ್ಪ" ಅಂದೆ.

ಅವರು ಕನ್ನಡಕ ತೆಗೆದು ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಇನ್ನೊಂದು ಪದರು ಕೊಯ್ಯಲು ಹೇಳಿದರು. ಅದರಲ್ಲೂ ಇತ್ತು. ಅದರ ಕೆಳಗಿನದರಲ್ಲೂ.

"ಇದು ಹುಲ್ಲು" ಅಂದರು ಕೊನೆಗೆ. "ಹುಲ್ಲು ಸುಟ್ಟದ್ದು. ಆವಾಗ ನನ್ನ ಜರಡಿ ದೊಡ್ಡದಿತ್ತು. ಇದೆಲ್ಲ ಕೆಳಗ ಸೋರಿ ಹೋಗೇದ. ಸಿಂಕಿನ್ಯಾಗ ಹಾಕೀನಿ ನಾನು."

ಆ ಕಾಲದಲ್ಲಿ ಎಲ್ಲರೂ ಅಂಥ ಜರಡಿಯನ್ನೇ ಬಳಸುತ್ತಿದ್ದರಲ್ಲ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಲೆಕ್ಕ ಬಿಡಿಸತೊಡಗಿದರು. ಸಿಡಿಲಿಗೆ ಹುಲ್ಲು ಇಷ್ಟು ಮೇಲಿಂದ ಮೇಲೆ ಹೊತ್ತಿಕೊಳ್ಳುವುದಿಲ್ಲ, ಈ ಕರಾವಳಿಯ ಬೆಟ್ಟಗಳಲ್ಲಿ ಸಿಡಿಲೇ ಕಡಿಮೆ. ಮಳೆ ಹೆಚ್ಚಿದ್ದ ಶತಮಾನಗಳಲ್ಲೂ ಅಷ್ಟೇ ಎಳೆಗಳು, ಬರದ ಶತಮಾನಗಳಲ್ಲೂ ಅಷ್ಟೇ. ಹವಾಮಾನ ಏರಿಳಿದರೂ ಏರಿಳಿಯದ ಬೆಂಕಿ ಎಂದರೆ ಅದನ್ನು ಯಾರೋ ಹದ ನೋಡಿ ಹಚ್ಚುತ್ತಿದ್ದರು. ಮೇಲಿನ ಪದರುಗಳಿಗೆ ಬಂದಾಗ, ಎಂದರೆ ಲೋರೆನ್‌ಳ ಹಿರಿಯರನ್ನು ಅಲ್ಲಿಂದ ಓಡಿಸಿದ ಕಾಲದಿಂದೀಚೆಗೆ, ಹುಲ್ಲಿನ ಎಳೆ ನಿಂತುಹೋಗುತ್ತಿತ್ತು. ಅಲ್ಲಿಂದ ಮುಂದೆ ಸುಡದೆ ಉಳಿದ ಪೊದೆ, ಮರಿಮರ, ತರಗು ಎಲ್ಲ ರಾಶಿಯಾಗುತ್ತಾ ಬಂದು ಈಗ ಸನಾಳ ಹಿತ್ತಿಲಿಗೆ ತಾಗಿ ನಿಂತಿತ್ತು.

ಅವತ್ತು ಅವರು ಮಧ್ಯಾಹ್ನವೇ ಹೊರಟುಹೋದರು. ಎಲ್ಲಿಗೆ ಎಂದು ಹೇಳಲಿಲ್ಲ. ಮರುದಿನ ಬಂದು ಕೋಟು ತೂಗುಹಾಕುತ್ತಾ, "ಸನಾಗ ಹೇಳಿದೆ. ಸಿಟ್ಟಾಗ್ಯಾಳ" ಅಂದರು.

"ಇನ್ನೂ ನಾಲ್ಕು ಸಲ ನೋಡಿ ಖಚಿತ ಮಾಡ್ಕೊಂಡು ಹೇಳಬಹುದಿತ್ತಲ್ಲಕ್ಕಾ."

"ಖಚಿತ ಆಗೂದು ನಮಗ. ಆಕಿ ಅಲ್ಲಿ ಮಲಗತಾಳ."

ಖಚಿತ ಮಾಡಿಕೊಳ್ಳುವುದಕ್ಕೆ ಆ ಇಡೀ ಚಳಿಗಾಲ ಹಿಡಿಯಿತು. ರಿಟೈರ್ಮೆಂಟು ಮುಂದಕ್ಕೆ ಹೋಯಿತು. ನಾನು ಎಣಿಸಿದೆ, ಅವರು ಬರೆದರು. ವಿಭಾಗದಲ್ಲಿ ಕೆಲವರು ಕಾಫಿ ಕುಡಿಯುವಾಗ ಬಂದು, ಹೊಸ ಲೇಖನ ಬರೆದರೆ ಸಾಕು, ಹಳೆಯದು ತಪ್ಪು ಎಂದು ಡಂಗುರ ಹೊಡೆಯುವ ಅಗತ್ಯವೇನು, ಹೋಗುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದರು. ಅಕ್ಕ ಕಾಫಿ ಕುಡಿದು ಮುಗಿಸಿ, "ಲೋರೆನ್‌ಗ ಓದಿ ಹೇಳಿದ್ದು ಹಳೇದನ್ನ ಅಲ್ಲೇನು?" ಎಂದು ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದರು. ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

ಮಂಡಳಿಯ ಮುಂದಿನ ಮೀಟಿಂಗಿಗೆ ಲೋರೆನ್ ಮತ್ತೆ ಅರ್ಜಿ ಹಾಕಿದ್ದಳು. ಆ ಬೀದಿಯ ಮನೆಯವರೆಲ್ಲ ಬಂದಿದ್ದರು. ಸನಾ ಹಿಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದಳು. ಅಧಿಕಾರಿ ಎಂದಿನಂತೆ ಲೇಖನ ಓದಲು ಶುರುಮಾಡಿದಾಗ ಅಕ್ಕ ಎದ್ದು ಮೈಕಿನ ಹತ್ತಿರ ಹೋದರು. ಮೈಕು ಎತ್ತರಕ್ಕಿತ್ತು. ಅದನ್ನು ಬಗ್ಗಿಸಲು ಅವರ ಕೈಗೆ ಆಗಲಿಲ್ಲ, ನಾನು ಹೋಗಿ ಬಗ್ಗಿಸಿಕೊಟ್ಟೆ.

"ಅದನ್ನು ಬರೆದವಳು ನಾನು. ಅದು ತಪ್ಪು" ಎಂದರು ಇಂಗ್ಲಿಷಿನಲ್ಲಿ. ಜರಡಿಯ ವಿಷಯ ಹೇಳಿದರು. ಅಲ್ಲಿ ಬೆಂಕಿ ಅಪರೂಪವಾಗಿರಲಿಲ್ಲ, ಸಣ್ಣದಾಗಿತ್ತು. ಸಣ್ಣದಾಗಿ ಇಟ್ಟವರು ಈ ಹೆಂಗಸಿನ ಹಿರಿಯರು. ಅದನ್ನು ನಿಲ್ಲಿಸಿದ್ದರಿಂದ ಇನ್ನು ಬರುವ ಬೆಂಕಿ ಸಣ್ಣದಾಗಿರುವುದಿಲ್ಲ ಎಂದರು. ಆ ಬೀದಿಯ ಒಬ್ಬಾತ ಎದ್ದು, ನಿಮ್ಮ ಮಾತನ್ನು ಇನ್ಶೂರೆನ್ಸಿನವರು ಕೇಳಿಸಿಕೊಂಡರೆ ನಮ್ಮ ಮನೆಗಳ ಗತಿಯೇನು, ನಿಮಗೇನು, ನೀವು ಅಲ್ಲಿ ವಾಸ ಮಾಡುವುದಿಲ್ಲ ಎಂದ.

"ನನ್ನ ಮಗಳು ಮಾಡುತ್ತಾಳೆ" ಎಂದರು ಅಕ್ಕ.

ಎಲ್ಲರೂ ಹಿಂದಕ್ಕೆ ತಿರುಗಿದರು. ಸನಾ ಪರ್ಸು ಎತ್ತಿಕೊಂಡು ಹೊರಗೆ ಹೋದಳು. ಅಕ್ಕ ಅದನ್ನು ನೋಡಿದರು. ಮಾತು ಮುಗಿಸಿಯೇ ಕೂತರು.

ಅನುಮತಿ ಸಿಕ್ಕಿತು, ಹೊಂಡದ ಆಚೆಯ ಒಂದು ಸಣ್ಣ ತುಂಡಿಗೆ ಮಾತ್ರ. ಆದರೆ ಅನುಮತಿ ಸಿಕ್ಕಿದ ಮಾತ್ರಕ್ಕೆ ಬೆಂಕಿ ಹಚ್ಚಲಾಗುವುದಿಲ್ಲ. ಗಾಳಿ ಹೆಚ್ಚೆಂದು ಒಂದು ಸಲ, ಒಣಗಿದೆ ಎಂದು ಒಂದು ಸಲ, ಬೇರೆಲ್ಲೋ ದೊಡ್ಡ ಬೆಂಕಿ ಬಿದ್ದು ಅಗ್ನಿಶಾಮಕದವರು ಅಲ್ಲಿಗೆ ಹೋದರೆಂದು ಇನ್ನೊಂದು ಸಲ ಮುಂದಕ್ಕೆ ಹೋಯಿತು. ಪ್ರತಿ ಸಲವೂ ಅಕ್ಕ ಬೂಟು ಹಾಕಿಕೊಂಡು ತಯಾರಾಗಿ ಕೂತಿರುತ್ತಿದ್ದರು. ಕೊನೆಗೆ ಒಂದು ನವೆಂಬರಿನ ಬೆಳಿಗ್ಗೆ, ಮೊದಲ ಮಳೆ ಬಿದ್ದು ಎರಡು ದಿನ ಒಣಗಿದ ಮೇಲೆ ಆಯಿತು. ನಾನು ಅವರನ್ನು ಕರೆದುಕೊಂಡು ಹೋದೆ. ಸನಾಳ ಮನೆಯ ಮುಂದೆಯೇ ದಾರಿ. ಕಿಟಕಿಯ ಪರದೆ ಎಳೆದಿತ್ತು. ಅಕ್ಕ ಆ ಕಡೆ ನೋಡದಂತೆ ಮಡಿಲಿನಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದರು.

ಲೋರೆನ್ ಮತ್ತು ಅವಳ ಕಡೆಯವರು ಅಗ್ನಿಶಾಮಕದವರ ಜೊತೆ ನಿಂತಿದ್ದರು. ಅಕ್ಕ ಹತ್ತಿರ ಹೋಗಿ, "ಮೊದಲೇ ನಿಮ್ಮನ್ನು ಕೇಳಬೇಕಿತ್ತು ನಾನು" ಎಂದರು.

ಲೋರೆನ್ ಅವರನ್ನು ಒಂದು ಗಳಿಗೆ ನೋಡಿದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. "ಈಗ ಬಂದಿದ್ದೀರಲ್ಲ. ಇದನ್ನ ಹಿಡ್ಕೊಳಿ" ಎಂದು ಕೈಗೆ ಒಂದು ಕುಂಟೆಕೋಲು ಕೊಟ್ಟಳು. ತರಗು ಎಳೆಯುವ, ಹಲ್ಲುಹಲ್ಲಿನ ಕೋಲು.

ಹುಲ್ಲಿಗೆ ಬೆಂಕಿ ಇಟ್ಟರು. ನಾನು ಟೀವಿಯಲ್ಲಿ ನೋಡಿದ ಬೆಂಕಿಯನ್ನು ನೆನೆದು ಎರಡು ಹೆಜ್ಜೆ ಹಿಂದೆ ಸರಿದೆ. ಆದರೆ ಅದು ಪಾದದ ಗಂಟಿನಷ್ಟೇ ಎತ್ತರವಿತ್ತು. ಚಿಟಚಿಟ ಅನ್ನುತ್ತಾ, ನೆಲಕ್ಕೆ ಅಂಟಿಕೊಂಡು, ಮೇಯುವ ಕುರಿಗಳ ಸಾಲಿನಂತೆ ಮುಂದಕ್ಕೆ ಹೋಗುತ್ತಿತ್ತು. ಓಕ್ ಮರದ ಬುಡಕ್ಕೆ ಬಂದು ತೊಗಟೆ ನೆಕ್ಕಿ ಪಕ್ಕಕ್ಕೆ ಹೊರಳಿತು. ಮನುಷ್ಯರು ಅದರ ಪಕ್ಕದಲ್ಲೇ ನಡೆಯುತ್ತಾ ಮಾತಾಡಿಕೊಳ್ಳುತ್ತಿದ್ದರು. ಜೀವಮಾನವೆಲ್ಲ ಬೆಂಕಿಯ ಕರಿಚೂರನ್ನೇ ಕಂಡಿದ್ದ ಅಕ್ಕ ಕುಂಟೆಕೋಲಿಗೆ ಆತುಕೊಂಡು ನಿಂತು, "ಇಷ್ಟ ಸಣ್ಣದೇನವಾ ಇದು" ಅಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಕಪ್ಪು ನೆಲ ಉಳಿದಿತ್ತು. ಯಾರೋ ಸ್ಯಾಂಡ್‌ವಿಚ್ಚು ಹಂಚಿದರು. ಅಕ್ಕನಿಗೆ ತಿನ್ನಲಾಗಲಿಲ್ಲ, ಗುಡ್ಡ ಇಳಿಯುವಾಗ ಏದುಸಿರು ಬಂತು. ಹೃದಯದ ತೊಂದರೆ ಎಂದು ಡಾಕ್ಟರು ಹೇಳಿದ್ದು ಆಮೇಲಿನ ವಾರ.

ಆಸ್ಪತ್ರೆಯ ದಿನಗಳನ್ನು ಹೆಚ್ಚು ಬರೆಯುವುದಿಲ್ಲ. ಸನಾ ಬಂದಳು. ದಿನವೂ ಬಂದಳು. ತಾಯಿಯ ಕಾಲಿಗೆ ಎಣ್ಣೆ ಹಚ್ಚಿದಳು, ಡಾಕ್ಟರುಗಳ ಜೊತೆ ವಾದ ಮಾಡಿದಳು, ಮನೆಯಿಂದ ಗಂಜಿ ತಂದಳು. ಔಷಧಿ, ಊಟ, ನಿದ್ದೆಯ ಮಾತು ಬಿಟ್ಟರೆ ಅವರಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಆ ವರ್ಷ ಅವಳ ಮನೆಯ ಇನ್ಶೂರೆನ್ಸೂ ರದ್ದಾಗಿತ್ತು. ತಾಯಿಯ ಮಾತಿನಿಂದ ಅಲ್ಲ, ಇಡೀ ಗುಡ್ಡವನ್ನೇ ಕಂಪನಿಗಳು ಕೈಬಿಟ್ಟಿದ್ದವು. ಅವಳು ಅದನ್ನು ತಾಯಿಗೆ ಹೇಳಲಿಲ್ಲ. ಅಕ್ಕನಿಗೆ ಗೊತ್ತಿತ್ತು, ಅವರೂ ಕೇಳಲಿಲ್ಲ. ಅವಳು ಹೊರಗೆ ಹೋದಾಗ ನನ್ನ ಕಡೆ ತಿರುಗಿ, "ಆಕಿ ಮುಖ ನೋಡಿದಿ? ಎಷ್ಟ ದಣದದ ನನ್ನ ಕೂಸು" ಅನ್ನುತ್ತಿದ್ದರು.

ಮಣ್ಣು ಮಾಡಿ ಬಂದು ಎರಡು ತಿಂಗಳಾದ ಮೇಲೆ ಸನಾ ಫೋನು ಮಾಡಿದಳು. ನಮ್ಮ ಮನೆಯ ಹಿಂದಿನ ಇಳಿಜಾರನ್ನೂ ಸುಡಲು ಲೋರೆನ್ ಒಪ್ಪುತ್ತಾಳೆಯೇ, ನೀವು ಕೇಳಿಕೊಡುತ್ತೀರಾ ಆಂಟಿ ಎಂದಳು. ಬೀದಿಯ ಬೇರೆ ಮನೆಯವರನ್ನು ಒಪ್ಪಿಸಲು ಅವಳೇ ಬಾಗಿಲು ಬಾಗಿಲು ತಟ್ಟಿದ್ದಳಂತೆ. ಕೆಲವರು ಒಪ್ಪಿದರು, ಕೆಲವರು ಬಾಗಿಲು ತೆರೆಯಲಿಲ್ಲ. ಲೋರೆನ್ ಬಂದು ಇಳಿಜಾರು ನೋಡಿ, ಮೊದಲು ಪೊದೆ ಕೀಳಬೇಕು, ಹೀಗೇ ಹಚ್ಚಿದರೆ ಮನೆ ಉಳಿಯುವುದಿಲ್ಲ ಎಂದಳು. ಹಾಗಾಗಿ ಆ ವಸಂತದ ಶನಿವಾರಗಳೆಲ್ಲ ಪೊದೆ ಕೀಳುವುದರಲ್ಲಿ ಹೋದವು. ಹಳದಿ ಹೂವಿನ ಒಂದು ಜಾತಿಯ ಪೊದೆ, ಬೇರು ಸಹಿತ ಕಿತ್ತರೂ ಮತ್ತೆ ಬರುತ್ತದೆ. ನನ್ನ ಸೊಂಟ ಹಿಡಿದುಕೊಂಡಿತು. ಸನಾಳ ಕೈಯಲ್ಲಿ ಬೊಬ್ಬೆ ಎದ್ದಿತು.

ಒಂದು ಶನಿವಾರ ಕಿತ್ತ ಪೊದೆಗಳ ರಾಶಿಯ ಪಕ್ಕ ಕೂತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು, ಇಂಗ್ಲಿಷಿನಲ್ಲೇ. "ಆಂಟಿ, ನಾವು ಈ ಮನೆ ತಗೊಳ್ಳುವಾಗ ಅಮ್ಮಿಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದು, ರಿಟೈರ್ ಆಗುವಾಗ ಹೇಳಿದ್ರಾ?"

ಇಷ್ಟು ದಿನ ಅವಳು ಹೊತ್ತು ತಿರುಗಿದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು.

"ಇಲ್ಲಮ್ಮ. ಗೊತ್ತಾಗಿದ್ದು ನಾನು ಪಕ್ಕದಲ್ಲಿದ್ದಾಗ. ಅವತ್ತೇ ಮಧ್ಯಾಹ್ನ ಎದ್ದು ಹೋದ್ರು. ನನಗೂ ಎಲ್ಲಿಗೆ ಅಂತ ಹೇಳಲಿಲ್ಲ. ಇಲ್ಲಿಗೇ ಬಂದಿದ್ದು."

ಸನಾ ಕೈಗವಸು ಬಿಚ್ಚಿ ಬೊಬ್ಬೆಗಳನ್ನು ನೋಡಿಕೊಂಡಳು.

"ಅವತ್ತು ಕಾರ್ಪೆಟ್ ಹೊಸದು ಹಾಕಿಸಿದ್ದೆ" ಎಂದಳು ಆಮೇಲೆ. "ಬಾಗಿಲಲ್ಲಿ ನಿಂತಿದ್ರು, ಹೊಂಡದ ಹತ್ತಿರ ಹೋಗಿ ಬಂದಿರ್ಬೇಕು, ಬೂಟೆಲ್ಲ ಕೆಸರು. ಬಿಚ್ಚಿ ಒಳಗೆ ಬಾ ಅಂದೆ. ಲೇಸು ಬಿಚ್ಚೋಕೆ ಅವರ ಕೈಗೆ ಆಗ್ತಿರಲಿಲ್ಲ. ನಾನು ನೋಡ್ತಾ ನಿಂತಿದ್ದೆ. ಹೊರಗಡೇನೇ ಹೇಳಿ ಹೋಗಿಬಿಟ್ರು."

ಮೇಲಿನಿಂದ ಲೋರೆನ್ ಕೂಗಿದಳು, ಬೇಲಿಯ ಹತ್ತಿರದ್ದು ಇನ್ನೂ ಉಳಿದಿದೆ ಎಂದು. ಸನಾ ಕೈಗವಸು ಮತ್ತೆ ಹಾಕಿಕೊಂಡು, ಮೊಣಕಾಲಿಗೆ ಕೈ ಊರಿ ಎದ್ದು, ಇಳಿಜಾರು ಹತ್ತಿ ಹೋದಳು.